ತಟ್ಟೆ ತುಂಬ ಪುಟ್ಟ ಗ್ಲಾಸು

ಆರಾಧನೆ ಮುಗಿದು ಜನ ಹೊರಗೆ ಮಾವಿನ ನೆರಳಿನಲ್ಲಿ ಮಾತಾಡುತ್ತ ನಿಂತಿದ್ದರು. ಧಾರವಾಡದ ಹಳೆಯ ಬಾಸೆಲ್ ಮಿಷನ್ ಚರ್ಚೊಂದರ ಹಿಂದಿನ ಕೋಣೆಯಲ್ಲಿ ಅಜ್ಜಿಯೊಬ್ಬರು ಗ್ಲಾಸು ತೊಳೆಯುತ್ತಿದ್ದರು. ಹೆಬ್ಬೆರಳ ಉದ್ದದ, ಆಟದ ಸಾಮಾನಿನಂಥ ಗ್ಲಾಸುಗಳು. ಪಕ್ಕದಲ್ಲಿ ಸಾಲುಸಾಲು ತೂತುಗಳಿದ್ದ ದುಂಡನೆಯ ತಟ್ಟೆ. ಒಂದೊಂದು ತೂತಿಗೆ ಒಂದೊಂದು ಗ್ಲಾಸು. ತಳದಲ್ಲಿ ನೇರಳೆ ಬಣ್ಣದ ಕಲೆ.

‘ವೈನ್ ಏನ್ರಿ ಅಜ್ಜಿ?’

‘ವೈನ್ ಎಲ್ಲಿಂದ ತರೂಣೋ ತಮ್ಮಾ! ಕರಿ ದ್ರಾಕ್ಷಿ ಕುದಿಸಿ, ಅರಿವಿಲೆ ಸೋಸಿ, ಸಕ್ಕರಿ ಹಾಕೀನಿ.’

ನಾನು ಹೋಗಿದ್ದು ಕನ್ನಡ ನಿಘಂಟು ಬರೆದ ಮಿಷನರಿ ಕಿಟೆಲ್ಲರ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು. 1837ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂತು, 1839ರಲ್ಲಿ ಹುಬ್ಬಳ್ಳಿಗೆ; ಕಿಟೆಲ್ ಬಂದದ್ದು 1853ರಲ್ಲಿ, ನಿಘಂಟು ಅಚ್ಚಾದದ್ದು 1894ರಲ್ಲಿ. ಇದನ್ನೆಲ್ಲ ಇಲ್ಲಿನ ಶಾಲೆಯ ಹುಡುಗರೂ ಒಪ್ಪಿಸುತ್ತಾರೆ. ಆ ಗ್ಲಾಸು ನೋಡಿದ ಮೇಲೆ ನಿಘಂಟು ಮರೆತೇಹೋಯಿತು.

ಯಾಕೆಂದರೆ ಪ್ರಾಟೆಸ್ಟಂಟರ ಅತಿ ದೊಡ್ಡ ಮನೆಜಗಳ ನಡೆದದ್ದು ಕರ್ತನ ಭೋಜನದ ಈ ರೊಟ್ಟಿ, ಈ ರಸದ ಮೇಲೆಯೇ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್ ಕೋಟೆಯಲ್ಲಿ ಮತಸುಧಾರಕರಾದ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ ಎದುರುಬದುರು ಕೂತರು. 15 ಅಂಶಗಳಲ್ಲಿ 14ಕ್ಕೆ ಒಪ್ಪಿಗೆಯಾಯಿತು. 15ನೆಯದರಲ್ಲೂ ಬಹುಪಾಲು ಒಪ್ಪಿ, ಒಂದೇ ಮಾತಿಗೆ ಜಗ್ಗಾಟ: ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜಕ್ಕೂ ಇದೆಯೋ, ಅದು ಬರೀ ಗುರುತೋ? ‘ಇದು ನನ್ನ ದೇಹ’ ಎಂಬ ಮಾತನ್ನು ಲೂಥರ್ ಮೇಜಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿಟ್ಟುಕೊಂಡೇ ವಾದಕ್ಕೆ ಕೂತಿದ್ದನಂತೆ. ಧಾರವಾಡದ ಮಾಸ್ತರರ ಹಟ ಕಂಡವರಿಗೆ ಇದು ಹೊಸದಲ್ಲ.

ಒಪ್ಪಿದ ವಿಷಯಗಳೇನು ಸಣ್ಣವಲ್ಲ. ತ್ರಿಯೇಕ ದೇವರು, ಶಿಲುಬೆಯಲ್ಲಿ ಸತ್ತು ಎದ್ದ ಕ್ರಿಸ್ತ. ಪುಣ್ಯ ಕೂಡಿಹಾಕಿ ಕೊಳ್ಳಲಾಗದ, ನಂಬಿಕೆಯಿಂದ ಮಾತ್ರ ದಕ್ಕುವ ಕೃಪೆ. ಮತಸಂಸ್ಥೆಗಿಂತ ಸತ್ಯವೇದವೇ ಮೇಲೆಂಬುದು ಇಬ್ಬರದೂ ಪಟ್ಟು. ದೇವರಿಗೂ ಭಕ್ತನಿಗೂ ನಡುವೆ ದಲ್ಲಾಳಿ ಬೇಡ ಎಂಬ ಮಾತು ವಚನ ಕೇಳಿ ಬೆಳೆದ ನಮ್ಮ ಕಿವಿಗೆ ಅಪರಿಚಿತವೇನಲ್ಲ. ಹೋಲಿಕೆಯನ್ನು ಇನ್ನೂ ಎಳೆದರೆ ಎರಡೂ ಕಡೆಯವರು ಸಿಟ್ಟಾದಾರು, ಇಲ್ಲಿಗೇ ಬಿಡುತ್ತೇನೆ. ಒಂದು ತಮಾಷೆ ಮಾತ್ರ ಹೇಳಬೇಕು. ಇಲ್ಲಿನ ಪ್ರಾಟೆಸ್ಟಂಟರು ತಮ್ಮ ಗುರುಗಳನ್ನು ಸಭಾಪಾಲಕರು ಅನ್ನುತ್ತಾರೆ. ಊರವರ ಬಾಯಲ್ಲಿ ಮಾತ್ರ ಅವರು ‘ಪಾದ್ರಿ’. ಪಾದ್ರಿ ಎಂದರೆ ಪೋರ್ಚುಗೀಸರ ಭಾಷೆಯಲ್ಲಿ ತಂದೆ, ಅಪ್ಪಟ ಕ್ಯಾಥೊಲಿಕ್ ಪದ!

ಮತ್ತೆ ಆ ಜಗಳಕ್ಕೆ ಬಂದರೆ, ಬಾಸೆಲ್ ಮಿಷನ್ನಿನ ಸ್ವಾರಸ್ಯ ಇರುವುದು ಇಲ್ಲಿ. ಅದರಲ್ಲಿ ವ್ಯೂರ್ಟೆಂಬರ್ಗಿನ ಲೂಥರನ್ನರೂ ಇದ್ದರು, ಜ್ವಿಂಗ್ಲಿಯ ಹಾದಿಯ, ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಸಭೆಯವರೂ ಇದ್ದರು. ಮಾರ್ಬುರ್ಗಿನಲ್ಲಿ ಮುನಿಸಿಕೊಂಡವರ ಮೊಮ್ಮಕ್ಕಳು ಒಂದೇ ಹಡಗು ಹತ್ತಿ ಬಂದು ಒಂದೇ ಪಂಕ್ತಿಯಲ್ಲಿ ಕೂತರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆಯಿತು. ಈ ಭಾಗದ ಬಾಸೆಲ್ ಸಭೆಗಳು ಅದಕ್ಕೆ ತಡವಾಗಿ ಸೇರಿದವು. ಬಿಷಪ್ಪರಿಲ್ಲದೆ ಬೆಳೆದವರು ಬಿಷಪ್ಪರನ್ನು ಒಪ್ಪಬೇಕಿತ್ತು! ಇವರ ಮಗ್ಗುಲಿಗೇ ನಂಬಿಕೆ ಒಪ್ಪಿಕೊಂಡವರನ್ನಷ್ಟೇ ಮುಳುಗಿಸಿ ದೀಕ್ಷಾಸ್ನಾನ ಕೊಡುವ ಬ್ಯಾಪ್ಟಿಸ್ಟರು, ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಪೆಂಟೆಕೋಸ್ಟರು. ಕ್ಯಾಥೊಲಿಕರು ಏಳು ಸಂಸ್ಕಾರ ಎಣಿಸಿದರೆ, ಪ್ರಾಟೆಸ್ಟಂಟರಲ್ಲಿ ಬಹುತೇಕರ ಲೆಕ್ಕ ಎರಡಕ್ಕೇ ನಿಲ್ಲುತ್ತದೆ: ದೀಕ್ಷಾಸ್ನಾನ, ಕರ್ತನ ಭೋಜನ.

ಆ ಭೋಜನದಲ್ಲಿ ಒಂದೇ ಬಟ್ಟಲಿನಿಂದ ಎಲ್ಲರೂ ಕುಡಿಯುವ ಪದ್ಧತಿಯೇ ಚಂದವಿತ್ತು ಅನ್ನುವ ಪೈಕಿ ನಾನು. ಬೇರೆಬೇರೆ ಗ್ಲಾಸು ಬಂದದ್ದು ರೋಗದ ಭಯಕ್ಕೆ. ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಗೆ ಶುರುವಾದ ರೂಢಿ. ಕೊರೊನಾ ಕಂಡ ಮೇಲೆ ಈ ವಾದ ಮಾಡುವ ಧೈರ್ಯ ನನಗೂ ಕಮ್ಮಿಯಾಗಿದೆ.

ಅಜ್ಜಿಯನ್ನು ಮಾರ್ಬುರ್ಗಿನ ಪ್ರಶ್ನೆಯನ್ನೇ ಕೇಳಿದೆ: ‘ಇದು ಖರೇನ ಆತನ ರಕ್ತ ಏನ್ರಿ, ಬರೇ ನೆನಪಿಗೇನು?’

ಅವರು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ‘ಅದನ್ನ ಅಯ್ಯನವರನ್ನ ಕೇಳು. ನಲವತ್ತು ಗ್ಲಾಸ್ ಕೊಟ್ಟಿದ್ದೆ, ಇಲ್ಲಿ ಮೂವತ್ತೊಂಬತ್ತ ಅದಾವ. ಹಿಂದಿನ ಬೆಂಚಿನ ಕೆಳಗ ಸ್ವಲ್ಪ ನೋಡಿ ಬಾ.’

ಹೋಗಿ ನೋಡಿದೆ. ಅಲ್ಲೇ ಇತ್ತು, ಇರುವೆ ಮುತ್ತಿತ್ತು.