ಹಾಲಿನ ಪೈಪಿಗೆ ಗುಂಡನೆ ಥ್ರೆಡ್: ಒಂದು ನೈಟ್ ಶಿಫ್ಟ್ ಕಲಿಸಿದ ಪಾಠ

ಬೆಳಗ್ಗೆ ಕಾಫಿಗೆ ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಸ್ಕ್ರೂ ಥ್ರೆಡ್ ನೆನಪಾಗುತ್ತಾ? ನನಗೂ ಆಗ್ತಿರಲಿಲ್ಲ. ಪೀಣ್ಯದ ಸಣ್ಣ ವರ್ಕ್‌ಶಾಪ್‌ನಲ್ಲಿ ಸಿಎನ್‌ಸಿ ಲೇತ್ ಪ್ರೋಗ್ರಾಮಿಂಗ್ ನನ್ನ ಕೆಲಸ. ಡೇರಿ ಪೈಪ್‌ಲೈನಿಗೆ ಬೇಕಾದ 12 ಸ್ಟೀಲ್ ಅಡಾಪ್ಟರ್‌ಗಳ ಆರ್ಡರ್ ಬಂದ ದಿನ ಎಲ್ಲ ಬದಲಾಯಿತು. ಮರುದಿನ ಬೆಳಗ್ಗೆ 8ಕ್ಕೆ ಮಾಲು ಕೊಡಬೇಕಿತ್ತು.

ಡ್ರಾಯಿಂಗ್‌ನಲ್ಲಿ ಇದ್ದದ್ದು ‘ಆರ್‌ಡಿ 78 × 1/6’. ಅಂದರೆ ಹೊರವ್ಯಾಸ 78 ಮಿ.ಮೀ., ಇಂಚಿಗೆ 6 ಸುತ್ತು, ಪಿಚ್ 4.233 ಮಿ.ಮೀ. ‘ಆರ್‌ಡಿ’ ಅಂದ್ರೆ ರೌಂಡ್. ಇದು ಜರ್ಮನಿಯ ಡಿಐಎನ್ 405 ಸ್ಟ್ಯಾಂಡರ್ಡ್‌ನ ಥ್ರೆಡ್.

ಗುಂಡಗೆ ಯಾಕೆ?

ಮಾಮೂಲಿ ಬೋಲ್ಟ್‌ನ ಥ್ರೆಡ್ 60 ಡಿಗ್ರಿಯ ‘ವಿ’ ಆಕಾರ. ಡೇರಿಯಲ್ಲಿ ಪೈಪ್ ಜಾಯಿಂಟ್‌ಗಳನ್ನು ತೊಳೆಯೋಕೆ ಆಗಾಗ ಬಿಚ್ಚಿ ಹಾಕ್ತಾರೆ. ಕೈ ಜಾರಿ ಬಿದ್ದರೆ ಚೂಪಾದ ಹಲ್ಲು ನಜ್ಜಾಗುತ್ತೆ, ಚೆಲ್ಲಿದ ಹಾಲು ಸಂದಿಯಲ್ಲಿ ಕೂರುತ್ತೆ. ಗುಂಡನೆ ಹಲ್ಲು ಪೆಟ್ಟು ತಡೆಯುತ್ತೆ, ಸುಲಭವಾಗಿ ತೊಳೆದೂ ಹೋಗುತ್ತೆ. ರೈಲ್ವೆಯ ಸ್ಕ್ರೂ ಕಪ್ಲಿಂಗ್‌ನಲ್ಲೂ ಇಂಥದ್ದೇ ಥ್ರೆಡ್. ಮನೆಯಲ್ಲಿ ತಿರುಗಿಸಿ ಹಾಕುವ ಬಲ್ಬ್ ಇದ್ದರೆ ಅದರ ಬುಡ ನೋಡಿ, ಅಲ್ಲೂ ಗುಂಡನೆಯದೇ.

ಇನ್ಸರ್ಟ್ ಇಲ್ಲದೆ ಹೇಗೆ?

ಇದೇ ಆಕಾರದ ಥ್ರೆಡ್ ಇನ್ಸರ್ಟ್ ಇದ್ದರೆ ಕೆಲಸ ಸಲೀಸು, ಜಿ76 ಸೈಕಲ್ ಸಾಕು. ಆದರೆ 12 ಪೀಸಿಗೆ ಅದನ್ನು ತರಿಸುವಷ್ಟು ಟೈಮ್ ಇರಲಿಲ್ಲ. ಹಾಗಾಗಿ 1.5 ಮಿ.ಮೀ. ಅಗಲದ, ತುದಿ ಪೂರ್ತಿ ಗುಂಡಗಿರುವ ಗ್ರೂವಿಂಗ್ ಇನ್ಸರ್ಟ್ ತೆಗೆದುಕೊಂಡೆ. ಅದರ ತುದಿಯ ರೇಡಿಯಸ್ 0.75, ಥ್ರೆಡ್ ಬುಡದ ರೇಡಿಯಸ್ ಸುಮಾರು 1.01. ಆರಾಮಾಗಿ ಒಳಗೆ ಇಳಿಯುತ್ತೆ.

ಮ್ಯಾಕ್ರೋ ಬರೆದೆ. ಪ್ರತಿ ಪಾಸ್‌ಗೂ ಟೂಲ್ ಶುರುವಾಗುವ ಜಾಗವನ್ನು ಝಡ್‌ನಲ್ಲಿ ಸ್ವಲ್ಪ ಸರಿಸಿ, ಅದಕ್ಕೆ ತಕ್ಕ ಎಕ್ಸ್ ಲೆಕ್ಕ ಹಾಕಿ ಜಿ32 ಕೊಡೋದು. ಮೊದಲು ರಫ್, ಆಮೇಲೆ ಪ್ರೊಫೈಲ್ ಗುಂಟ 0.2 ಮಿ.ಮೀ.ಗೆ ಒಂದರಂತೆ ಸುಮಾರು 33 ಫಿನಿಶ್ ಪಾಸ್. ಹೀಗೆ ಮಾಡಿದರೆ ಇಳಿಜಾರಿನಲ್ಲಿ ಉಳಿಯುವ ಗೆರೆಯ ಎತ್ತರ 7 ಮೈಕ್ರಾನ್ ಆಸುಪಾಸು. ಟೈಮ್ ಉಳಿಸೋಣ ಅಂತ 0.4 ಮಾಡಿದರೆ ಅದು ನಾಲ್ಕು ಪಟ್ಟಾಗುತ್ತೆ, ಉಗುರಿಗೇ ಸಿಗುತ್ತೆ.

ಎಡವಿದ್ದು ಎಲ್ಲಿ?

ರಾತ್ರಿ 11 ಗಂಟೆ. ಮೊದಲ ಪೀಸಿನ ಫಿನಿಶಿಂಗ್ ಅರ್ಧ ಮುಗಿದಿತ್ತು. ‘ಕಿರ್ರ್’ ಅಂತ ಚ್ಯಾಟರ್ ಶುರುವಾಯ್ತು. ಮೆಷಿನ್ ನಿಲ್ಲಿಸಿ, 400 ಆರ್‌ಪಿಎಂ ಇದ್ದದ್ದನ್ನು 250 ಮಾಡಿ ಮುಂದುವರಿಸಿದೆ. ಸದ್ದು ನಿಂತಿತು. ಆದರೆ ನಟ್ ಒಂದು ಸುತ್ತೂ ಹೋಗಲಿಲ್ಲ! ಒಂದು ಬದಿಯ ಗೋಡೆ ದಪ್ಪಗೆ ಉಳಿದಿತ್ತು, ತಳದಲ್ಲಿ ಮೆಟ್ಟಿಲು ಬಿದ್ದಿತ್ತು.

ನಮ್ಮ ಫೋರ್‌ಮನ್ ಅಣ್ಣ ಬಂದು ನೋಡಿ, “ಥ್ರೆಡ್ ಶುರುವಾದ್ಮೇಲೆ ಸ್ಪೀಡ್ ಮುಟ್ಟಬಾರ್ದು ಕಣಪ್ಪಾ” ಅಂದರು.

ಕಾರಣ ಸರಳ. ಸ್ಪಿಂಡಲ್ ತಿರುಗಿದ ಕೋನ ನೋಡಿಕೊಂಡೇ ಝಡ್ ಆಕ್ಸಿಸ್ ಓಡುತ್ತೆ, ಆದರೆ ಚೂರು ಹಿಂದೆ ಬೀಳುತ್ತೆ. ವೇಗ ಹೆಚ್ಚಿದ್ದಷ್ಟೂ ಹಿಂದೆ ಬೀಳೋದೂ ಹೆಚ್ಚು. 400 ಆರ್‌ಪಿಎಂನಲ್ಲಿ ಟೂಲ್ ನಿಮಿಷಕ್ಕೆ 1,693 ಮಿ.ಮೀ. ಓಡುತ್ತಿತ್ತು, 250ರಲ್ಲಿ 1,058. ಹಾಗಾಗಿ ಹೊಸ ಪಾಸ್ ಹಳೆಯದರ ಜಾಗಕ್ಕೆ ಸರಿಯಾಗಿ ಬೀಳಲೇ ಇಲ್ಲ. ಥ್ರೆಡ್‌ಗೆ ಜಿ96 ಬೇಡ, ಸ್ಥಿರ ವೇಗದ ಜಿ97 ಇರಲಿ ಅನ್ನೋದೂ ಇದಕ್ಕೇ. ಜೊತೆಗೆ ಟೂಲ್ ಪೂರ್ತಿ ವೇಗಕ್ಕೆ ಬರುವಷ್ಟು ದೂರದಿಂದ ಓಡಿ ಬರಬೇಕು. ನಾವು 15 ಮಿ.ಮೀ. ಬಿಟ್ಟೆವು.

ಟೂಲ್ ಹೊರಚಾಚಿದ್ದನ್ನು ಕಡಿಮೆ ಮಾಡಿ, ಮೊದಲ ಪಾಸ್‌ನಿಂದಲೇ 250ರಲ್ಲಿ ಓಡಿಸಿದೆವು. ಚ್ಯಾಟರ್ ಬರಲಿಲ್ಲ, ನಟ್ ಬೆರಳಲ್ಲೇ ತಿರುಗಿ ಕೂತಿತು. ಪುಣ್ಯಕ್ಕೆ ಒಂದು ಪೀಸ್ ಹೆಚ್ಚಿಗೆ ಕತ್ತರಿಸಿಟ್ಟಿದ್ದೆ, ಬೆಳಗಾಗುವಷ್ಟರಲ್ಲಿ 12 ರೆಡಿ.

ಕೆಟ್ಟುಹೋದ ಆ ಪೀಸ್ ಈಗ ನನ್ನ ಟೇಬಲ್ ಮೇಲಿದೆ, ಪೆನ್ ಸ್ಟ್ಯಾಂಡ್ ಆಗಿ. ಮಧ್ಯದಲ್ಲಿ ಸ್ಪೀಡ್ ಬದಲಿಸೋ ಆಸೆ ಬಂದಾಗಲೆಲ್ಲ ಅದರ ಹಲ್ಲಿನ ಮೇಲೆ ಬೆರಳಾಡಿಸ್ತೀನಿ.