ಪರನಾಡಿನಲ್ಲಿರುವ ನಮ್ಮವರ ಮನೆಗೆ

ಕಾಸರಗೋಡಿನ ಈ ಗಡಿನಾಡಿನಲ್ಲಿ ಪರವೂರಿನ ದುಡಿಮೆಯನ್ನು ಅರಿಯದ ಮನೆಗಳು ವಿರಳ. ಹಿಂದಿನ ತಲೆಮಾರಿನವರಲ್ಲಿ ಹಲವರು ಮುಂಬಯಿಗೆ ಹೋಗಿ, ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅನಂತರದವರು ಕಡಲನ್ನು ದಾಟಿ ದುಬಾಯಿ, ಅಬುಧಾಬಿ, ಶಾರ್ಜಾ, ಕುವೈಟುಗಳನ್ನು ಸೇರಿದರು. ನಮ್ಮ ಮಕ್ಕಳಲ್ಲಿಯೂ ತಂದೆಯೋ, ಸೋದರಮಾವನೋ, ಅಕ್ಕ-ಭಾವಂದಿರೋ ಅಲ್ಲಿರುವವರು ಹಲವರು. ರಜೆಯಲ್ಲಿ ಅವರನ್ನು ಕಂಡುಬರುವ ಅವಕಾಶವು ಈಗ ಕೆಲವರಿಗೆ ಒದಗುತ್ತಿದೆ. ಅಂತಹ ಪ್ರಯಾಣಕ್ಕೆ ಹೇಗೆ ಸಿದ್ಧರಾಗಬೇಕು, ಅಲ್ಲಿ ಏನನ್ನು ನೋಡಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ದುಬಾಯಿ ನಗರವನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸುತ್ತೇವೆ.

ಅರಬರ ನಾಡಿಗೂ ನಮ್ಮ ಕರಾವಳಿಗೂ ಇರುವ ನಂಟು ಹೊಸತಲ್ಲ. ಕೋಯಿಕ್ಕೋಡಿನ ಸಮೀಪದ ಬೇಪೂರಿನಲ್ಲಿ ಅರಬ ವರ್ತಕರಿಗಾಗಿ ಮರದ ‘ಉರು’ಗಳನ್ನು ಕಟ್ಟುವ ಕುಶಲತೆ ಶತಮಾನಗಳಿಂದ ನಡೆದುಬಂದಿದೆ. 1966ರ ವರೆಗೆ ದುಬಾಯಿಯಲ್ಲಿ ಭಾರತವು ಹೊರಡಿಸಿದ ರೂಪಾಯಿಯೇ ಚಲಾವಣೆಯಲ್ಲಿತ್ತು. ಅದೇ ವರ್ಷ ಅಲ್ಲಿ ತೈಲ ದೊರೆಯಿತು. 1971ರಲ್ಲಿ ಸಂಯುಕ್ತ ಅರಬ ಎಮಿರೇಟ್ಸ್ ಎಂಬ ರಾಷ್ಟ್ರವು ರೂಪುಗೊಂಡಿತು. ಬಂದರು, ರಸ್ತೆ, ಕಟ್ಟಡಗಳ ಕೆಲಸಕ್ಕೆ ಜನ ಬೇಕಾದಾಗ ನಮ್ಮವರು ಹೊರಟರು. ಅಂದು ‘ದ್ವಾರಕಾ’ ಎಂಬ ಹಡಗು ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಪ್ರಯಾಣಿಕರನ್ನು ಒಯ್ಯುತ್ತಿತ್ತು. ಅದರ ಸಂಚಾರ 1982ರಲ್ಲಿ ನಿಂತಿತು.

ಇಂದಿನ ಪ್ರಯಾಣ ಅಷ್ಟು ದೀರ್ಘವಲ್ಲ. ಮಂಗಳೂರಿನಿಂದ ದುಬಾಯಿಗೆ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆ. ಜಿಲ್ಲೆಯ ತೆಂಕಣ ಭಾಗದವರಿಗೆ 2018ರಲ್ಲಿ ಆರಂಭವಾದ ಕಣ್ಣೂರಿನ ವಿಮಾನನಿಲ್ದಾಣವೂ ಇದೆ. ಇಲ್ಲಿ ಮಕ್ಕಳು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಮುಂಜಾನೆ 8 ಗಂಟೆಗೆ ಹೊರಟ ವಿಮಾನವು ಇಳಿಯುವಾಗ ನಮ್ಮ ಕೈಗಡಿಯಾರದಲ್ಲಿ 11-30. ಆದರೆ ಅಲ್ಲಿನ ಗಡಿಯಾರದಲ್ಲಿ 10 ಗಂಟೆ. ಭಾರತದ ಕಾಲವನ್ನು ಪೂರ್ವ ರೇಖಾಂಶ 82½ ಡಿಗ್ರಿಗೂ, ಅವರ ಕಾಲವನ್ನು 60 ಡಿಗ್ರಿಗೂ ಅನುಸರಿಸಿ ಗೊತ್ತುಪಡಿಸಲಾಗಿದೆ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದುದರಿಂದ 22½ ಡಿಗ್ರಿಗೆ 90 ನಿಮಿಷಗಳ ಅಂತರ.

ಹೊರಡುವ ಮೊದಲು ಹೆತ್ತವರು ಕೆಲವು ವಿಷಯಗಳನ್ನು ಗಮನಿಸಬೇಕು. ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ 5 ವರ್ಷ ಮಾತ್ರ. ಪ್ರಯಾಣದ ವೇಳೆಗೆ ಅದರಲ್ಲಿ ಕನಿಷ್ಠ 6 ತಿಂಗಳಾದರೂ ಉಳಿದಿರಬೇಕು. ಸಂದರ್ಶನದ ವೀಸಾ ಮೊದಲೇ ಕೈಸೇರಿರಬೇಕು. ಪ್ರೀತಿಯಿಂದ ಕಟ್ಟುವ ತಿಂಡಿಯ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಅಡಿಗೆಮನೆಯ ಗಸಗಸೆಯು ಅಫೀಮಿನ ಗಿಡದ ಬೀಜವಾದುದರಿಂದ ಅಲ್ಲಿ ನಿಷಿದ್ಧ. ಅದನ್ನು ಒಯ್ದವರು ಕಠಿನ ಶಿಕ್ಷೆಗೆ ಗುರಿಯಾಗಬಹುದು. ನಮ್ಮಲ್ಲಿ ಸುಲಭವಾಗಿ ದೊರೆಯುವ ಕೆಲವು ಔಷಧಗಳಿಗೂ ಅಲ್ಲಿ ಮುಂಗಡ ಅನುಮತಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪರಿಚಿತರೇ ಕೊಟ್ಟರೂ ಒಳಗೇನಿದೆಯೆಂದು ಬಿಚ್ಚಿ ನೋಡದೆ ಯಾವ ಕಟ್ಟನ್ನೂ ಒಯ್ಯಬಾರದು. ದಾಕ್ಷಿಣ್ಯಕ್ಕೆ ಒಯ್ದ ಕಟ್ಟಿಗೆ ಕಾನೂನಿನ ಮುಂದೆ ಒಯ್ದವನೇ ಹೊಣೆಗಾರ.

ನಗರದಲ್ಲಿ ನೋಡತಕ್ಕವು ಹಲವು. 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಕಟ್ಟಡ 2010ರಲ್ಲಿ ತೆರೆಯಿತು. 2009ರಿಂದ ಓಡುತ್ತಿರುವ ಮೆಟ್ರೋ ರೈಲಿಗೆ ಚಾಲಕನೇ ಇಲ್ಲ. ಅದರೊಳಗೆ ತಿಂಡಿ ತಿಂದರೆ 100 ದಿರ್ಹಮ್ ದಂಡ ತೆರಬೇಕಾಗುತ್ತದೆಂಬುದನ್ನು ಮಕ್ಕಳು ನೆನಪಿಡಬೇಕು. ಹಳೆಯ ನಗರದ ನಡುವೆ ಕಡಲಿನ ಒಂದು ಕೈ ಒಳನುಗ್ಗಿದೆ. ಅದರ ಒಂದು ದಡದಲ್ಲಿ ದೇರಾ, ಇನ್ನೊಂದು ದಡದಲ್ಲಿ ಬರ್ ದುಬಾಯಿ. ‘ಅಬ್ರಾ’ ಎಂಬ ಮರದ ದೋಣಿಯಲ್ಲಿ ಇದನ್ನು ದಾಟುವಾಗ ನಮ್ಮ ಹೊಳೆಯ ಕಡವುಗಳ ನೆನಪಾಗದಿರದು.

ಆದರೆ ಮನೆಯ ನಲ್ಲಿಯಲ್ಲಿ ಬರುವ ನೀರನ್ನು ನೋಡಿ ಯೋಚಿಸುವವರು ಕಡಿಮೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಗುಡ್ಡದೊಳಗೆ ಸುರಂಗ ಕೊರೆದರೆ ಸಿಹಿನೀರು ಹರಿದುಬರುತ್ತದೆ. ಅಲ್ಲಿ ಸಾಮಾನ್ಯ ವರ್ಷಗಳಲ್ಲಿ 100 ಮಿಲಿಮೀಟರ್ ಮಳೆಯೂ ಇಲ್ಲ, ನದಿಯೂ ಇಲ್ಲ. ಜೆಬೆಲ್ ಅಲಿಯ ದೊಡ್ಡ ಸ್ಥಾವರದಲ್ಲಿ ಕಡಲ ನೀರಿನ ಉಪ್ಪನ್ನು ತೆಗೆದು ಮನೆಗಳಿಗೆ ಹರಿಸುತ್ತಾರೆ. ಇದಕ್ಕೆ ಅಪಾರ ಇಂಧನ ಬೇಕಾಗುತ್ತದೆ. ಇದನ್ನರಿತ ಬಾಲಕನು ಊರಿಗೆ ಮರಳಿದ ಮೇಲೆ ತನ್ನ ಮನೆಯ ಸುರಂಗವನ್ನು ಹಗುರವಾಗಿ ಕಾಣಲಾರನು.

ಇನ್ನು, ಯಾರನ್ನು ನೋಡಲು ಹೋದೆವೋ ಅವರ ವಿಷಯ. ಸಂಸಾರವನ್ನು ಜೊತೆಯಲ್ಲಿರಿಸಿಕೊಳ್ಳಬೇಕಾದರೆ ಅಲ್ಲಿ ಗೊತ್ತುಪಡಿಸಿದಷ್ಟು ವೇತನವಿರಬೇಕು. ಅದಿಲ್ಲದವರು ಹಲವರು ಕೂಡಿ ಒಂದೇ ಕೋಣೆಯಲ್ಲಿ ಮಂಚಕ್ಕೆ ಬಾಡಿಗೆ ಕೊಟ್ಟು ಇರುತ್ತಾರೆ. ನಮ್ಮ ಬೇಸಗೆ ರಜೆಯ ಮೇ ತಿಂಗಳಲ್ಲಿಯೇ ಅಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಧ್ಯಾಹ್ನ 12-30ರಿಂದ 3ರ ತನಕ ಬಯಲಿನ ಕೆಲಸವನ್ನು ಕಾನೂನೇ ನಿಷೇಧಿಸಿದೆ. ಬಿಸಿಲಿನ ಉಗ್ರತೆಯನ್ನು ಇದರಿಂದಲೇ ಊಹಿಸಬಹುದು. ಊರಿಗೆ ಬಂದಾಗ ತಂದೆ ತೆರೆಯುವ ಪೆಟ್ಟಿಗೆಯಲ್ಲಿ ಈ ಬಿಸಿಲು ಕಾಣಿಸುವುದಿಲ್ಲ. ಅವರು ಏಳುವ ಹೊತ್ತು, ಉಣ್ಣುವ ಊಟ, ಬಸ್ಸಿಗೆ ಕಾಯುವ ತಾಣ ಇವನ್ನು ನೋಡಿ ಬಂದ ಮಗುವಿಗೆ ಅದು ತಿಳಿಯುತ್ತದೆ. ಆದಕಾರಣ ಹೋದಲ್ಲಿ ಅಂಗಡಿಯ ವಸ್ತುಗಳಿಗಾಗಿ ಹಟ ಹಿಡಿಯಬಾರದು. ಅವರ ಕೆಲಸದ ಹೊತ್ತನ್ನೂ ನಿದ್ದೆಯ ಹೊತ್ತನ್ನೂ ಕೆಡಿಸಬಾರದು. ಚಿಕ್ಕ ಮನೆಯಲ್ಲಿ ನಾವು ಕೂಡಿಕೊಂಡಾಗ ಅವರಿಗೆ ಸ್ಥಳ ಕಡಿಮೆಯಾಗುತ್ತದೆಂಬ ಅರಿವು ಇರಬೇಕು.

ಹೋಗಿ ಬರುವ ಈ ದಾರಿಯಲ್ಲಿ ನೋವೂ ಇದೆ. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ದುರಂತಕ್ಕೀಡಾಗಿ 158 ಮಂದಿ ತೀರಿಕೊಂಡರು. ಕಾಸರಗೋಡಿನ ಅನೇಕ ಮನೆಗಳು ಅಂದು ತಮ್ಮವರನ್ನು ಕಳೆದುಕೊಂಡುವು. ಊರಿನ ಬಾಗಿಲಿಗೆ ಬಂದವರು ಮನೆಯ ಬಾಗಿಲಿಗೆ ಬರಲಿಲ್ಲ. ಸೇರಿ ಕಳೆಯುವ ದಿನಗಳ ಬೆಲೆಯನ್ನು ಅಂತಹ ಮನೆಗಳವರು ಬಲ್ಲರು.

ಅಲ್ಲಿಗೆ ನಾವು ಒಯ್ಯಬಹುದಾದುದೂ ಒಂದಿದೆ. ಅಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಮನೆಯ ಹೊರಗೆ ಕನ್ನಡ ಕಿವಿಗೆ ಬೀಳುವುದು ಅಪರೂಪ. ಅಂತಹವರಿಗಾಗಿ ಅಲ್ಲಿನ ಕನ್ನಡಿಗರು ರಜಾದಿನಗಳಲ್ಲಿ ಕನ್ನಡ ಪಾಠಶಾಲೆಯನ್ನು ನಡೆಸುತ್ತಾ ಬಂದಿದ್ದಾರೆ. ನಮ್ಮ ಶಾಲೆಯ ಮಗುವೊಂದು ಅಲ್ಲಿರುವ ತಮ್ಮ-ತಂಗಿಯರನ್ನು ಬಳಿಯಲ್ಲಿ ಕುಳ್ಳಿರಿಸಿ ಪಾಠಪುಸ್ತಕದ ಕಥೆಯನ್ನು ಓದಿಹೇಳಿದರೆ, ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸಿದರೆ, ಅದು ಯಾವ ಉಡುಗೊರೆಗೂ ಕಡಿಮೆಯಲ್ಲ.

ಹೋಗಲು ಸಾಧ್ಯವಾಗದ ಮಕ್ಕಳೇ ನಮ್ಮಲ್ಲಿ ಹೆಚ್ಚು. ಅವರು ಬೇಸರಪಡಬೇಕಾಗಿಲ್ಲ. ಮುಂದಿನ ಸಲ ದೂರವಾಣಿಯಲ್ಲಿ ತಂದೆಯ ದನಿ ಕೇಳಿದಾಗ, “ನನಗೇನು ತರುತ್ತೀರಿ?” ಎಂಬುದಕ್ಕೆ ಬದಲಾಗಿ “ಇಂದು ನಿಮ್ಮ ಕೆಲಸ ಹೇಗಿತ್ತು, ಊಟವಾಯಿತೇ?” ಎಂದು ಕೇಳಲಿ. ಅಷ್ಟರಿಂದಲೇ ಆ ಮಗುವು ಅವರ ಮನೆಗೆ ಒಮ್ಮೆ ಹೋಗಿ ಬಂದಂತಾಗುವುದು.