ಇಲ್ಲದ ಕುರ್ಚಿಗೂ ನೆರಳು ಬಂತು

ಮೊಬೈಲ್ ಕ್ಯಾಮೆರಾವನ್ನು ಮನೆಯ ಖಾಲಿ ಮೂಲೆಯತ್ತ ಹಿಡಿದರೆ, ಕೊಳ್ಳಬೇಕೆಂದಿರುವ ಕುರ್ಚಿ ಅಲ್ಲೇ ಇಟ್ಟಂತೆ ಪರದೆಯಲ್ಲಿ ಕಾಣುತ್ತದೆ. ಕಾಲುಗಳ ಬುಡದಲ್ಲಿ ನೆರಳಿಲ್ಲದಿದ್ದರೆ ಮಾತ್ರ ಅದು ನೆಲ ಬಿಟ್ಟು ತೇಲಿದಂತೆ ಅನಿಸುತ್ತದೆ. ಹೀಗೆ ಇಲ್ಲದ ವಸ್ತುವನ್ನು ಕಣ್ಣೆದುರಿನ ನೋಟಕ್ಕೆ ಸೇರಿಸುವ ಆಗ್ಮೆಂಟೆಡ್ ರಿಯಾಲಿಟಿ (ಎಆರ್) ನಂಬಿಕೆ ಗಳಿಸುವುದೂ ಕಳೆದುಕೊಳ್ಳುವುದೂ ಈ ನೆರಳಿನಲ್ಲೇ.

ಈ ತಂತ್ರದ ಬೇರು ಫೋಟೊದಲ್ಲಿದೆ. ಇನ್ನೂ ಕಟ್ಟದ ಕಟ್ಟಡವನ್ನು ಊರಿನ ಫೋಟೊದೊಳಗೆ ಕೂರಿಸುವ ವಿಧಾನವನ್ನು ಜಪಾನಿನ ಎಯ್‌ಹಾಚಿರೊ ನಕಮಾಯೆ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. ಬಯಲಿನಲ್ಲಿ ಸೂರ್ಯನ ದಿಕ್ಕು ಲೆಕ್ಕಕ್ಕೆ ಸಿಗುತ್ತದೆ. ಕೋಣೆಯೊಳಗೆ ಹಾಗಲ್ಲ, ಕಿಟಕಿ, ದೀಪ, ಗೋಡೆ ಎಲ್ಲವೂ ಬೆಳಕು ಚೆಲ್ಲುತ್ತವೆ.

ದಾರಿ ತೋರಿಸಿದ್ದು ಕನ್ನಡಿಯಂತೆ ಹೊಳೆಯುವ ಒಂದು ಗುಂಡು. ಅದನ್ನು ಮೇಜಿನ ಮೇಲಿಟ್ಟರೆ ಸುತ್ತಲಿನ ಇಡೀ ಕೋಣೆ ಅದರ ಮೈಯಲ್ಲಿ ಕಾಣುತ್ತದೆ. ಆದರೆ ಉರಿಯುವ ದೀಪ, ಕತ್ತಲ ಮೂಲೆ ಎರಡನ್ನೂ ಒಂದೇ ಫೋಟೊ ಹಿಡಿಯಲಾರದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಾಲ್ ಡೆಬೆವೆಕ್ ಮತ್ತು ಕಾನ್ಪುರದ ಐಐಟಿಯಲ್ಲಿ ಓದಿದ್ದ ಜಿತೇಂದ್ರ ಮಲಿಕ್, ಬೇರೆ ಬೇರೆ ಎಕ್ಸ್‌ಪೋಷರ್‌ನ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಅವಧಿಯ) ಫೋಟೊಗಳನ್ನು ಬೆರೆಸಿ ಬೆಳಕಿನ ನಿಜವಾದ ಪ್ರಮಾಣ ಅಳೆಯುವ ವಿಧಾನವನ್ನು 1997ರಲ್ಲಿ ಪ್ರಕಟಿಸಿದರು. ಮರುವರ್ಷ ಡೆಬೆವೆಕ್, ಗುಂಡಿನ ಫೋಟೊಗಳಿಂದ ಹೀಗೆ ಅಳೆದ ಬೆಳಕಿನಿಂದಲೇ ಕಂಪ್ಯೂಟರಿನ ವಸ್ತುಗಳನ್ನು ಬೆಳಗಿಸಿದರು.

ನೆರಳಿಗೆ ಅವರು ಬಳಸಿದ ಉಪಾಯ ಸರಳ. ಮೇಜಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಎರಡು ಸಲ ರಚಿಸುವುದು: ಒಮ್ಮೆ ವಸ್ತುವಿನೊಂದಿಗೆ, ಒಮ್ಮೆ ವಸ್ತುವಿಲ್ಲದೆ. ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ನಿಜವಾದ ಫೋಟೊಗೆ ಕೂಡಿಸುವುದು. ಆಗ ನೆರಳು ಬಿದ್ದ ಕಡೆ ಮೇಜು ಕಪ್ಪಾಗುತ್ತದೆ; ಕೆಂಪು ಚೆಂಡಿದ್ದರೆ ಅದರ ಪಕ್ಕದ ಬಿಳಿ ಮೇಜಿಗೆ ತುಸು ಕೆಂಪೂ ಹತ್ತುತ್ತದೆ.

ಸಿನಿಮಾದವರು ಗುಂಡನ್ನು ಸೆಟ್ಟಿಗೆ ಒಯ್ದರು. ಮೊಬೈಲ್ ಹಿಡಿದವರು ಒಯ್ಯುವುದಿಲ್ಲವಲ್ಲ! 2017ರಲ್ಲಿ ಬಂದ ಆಪಲ್‌ನ ಎಆರ್ ತಂತ್ರಾಂಶ ಎಆರ್‌ಕಿಟ್ ಕೋಣೆಯ ಒಟ್ಟಾರೆ ಬೆಳಕನ್ನಷ್ಟೇ ಅಂದಾಜಿಸುತ್ತಿತ್ತು. ಗೂಗಲ್‌ನ ಸಂಶೋಧಕರು ಫೋನಿನ ಮುಂದೆ ಕನ್ನಡಿ, ಮಬ್ಬು ಬೆಳ್ಳಿ ಮತ್ತು ಬೂದು ಬಣ್ಣದ ಮೂರು ಗುಂಡುಗಳನ್ನು ಜೋಡಿಸಿ ಚಿತ್ರೀಕರಿಸಿ, ಗುಂಡಿಲ್ಲದೆಯೂ ಬೆಳಕನ್ನು ಊಹಿಸುವಂತೆ ಕಂಪ್ಯೂಟರಿಗೆ ಕಲಿಸಿದರು. ಆ ತಂಡದಲ್ಲಿ ಡೆಬೆವೆಕ್ ಕೂಡ ಇದ್ದರು. 2019ರಿಂದ ಗೂಗಲ್‌ನ ಅಂಥದೇ ತಂತ್ರಾಂಶ ಎಆರ್‌ಕೋರ್, ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂದೂ ಹೇಳುತ್ತದೆ.

ಕನ್ನಡಕಗಳ ಪಾಡು ಬೇರೆ. ಪಾರದರ್ಶಕ ಗಾಜಿನ ಮೂಲಕ ನೋಡುವ ಎಆರ್ ಕನ್ನಡಕ ಕಣ್ಣಿಗೆ ಬೆಳಕನ್ನು ಸೇರಿಸಬಲ್ಲದೇ ಹೊರತು ಕಳೆಯಲಾರದು; ಅದರಲ್ಲಿ ಕಪ್ಪೆಂದರೆ ಖಾಲಿ. 2022ರ ಮ್ಯಾಜಿಕ್ ಲೀಪ್ 2 ಎಂಬ ಕನ್ನಡಕ ಗಾಜಿನ ಆಯ್ದ ಭಾಗವನ್ನು ಮಬ್ಬಾಗಿಸುತ್ತದೆ. ಆದರೆ ಗಾಜು ಕಣ್ಣಿಗೆ ತೀರ ಹತ್ತಿರ ಇರುವುದರಿಂದ ಆ ಮಬ್ಬಿನ ಅಂಚು ಸ್ಪಷ್ಟವಾಗಿ ಮೂಡುವುದಿಲ್ಲ. ಫೋನಿಗೆ ದಕ್ಕಿದ ನೆರಳು ಕನ್ನಡಕಕ್ಕೂ ದಕ್ಕುವವರೆಗೆ ಈ ಕೆಲಸ ಮುಗಿದಿಲ್ಲ.